ಎಲಿಮ್ ಗ್ರೋವಿನ ಪೂರ್ವದ ಕಿಟಕಿ

ಡಲ್ಲಾಸ್
14 ಮಾರ್ಚ್ 1999

ಪ್ರಿಯ ಮೋಹನ್,

ಸುಖವಾಗಿ ಬಂದು ತಲುಪಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಊಟ, ಹವೆ, ಕಾರಿನ ಆಯಿಲ್ ಇಷ್ಟನ್ನು ಮುಗಿಸಿ ಸುಮ್ಮನಾಗಿಬಿಡುತ್ತೇವೆ. ಆಮೇಲೆ ಯಾರು ಮೊದಲು ಇಡುವುದು ಎಂದು ಇಬ್ಬರೂ ಕಾಯುತ್ತೇವೆ. ಅದಕ್ಕಿಂತ ಬರೆಯುವುದೇ ಮೇಲು. ನೀವೂ ಬರೆಯಿರಿ.

ಆಸ್ಟಿನ್‌ನ ಬಣ್ಣದ ಗಾಜಿನ ಸ್ಟುಡಿಯೋದವರು ನನಗೊಬ್ಬಳಿಗೇ ವಹಿಸಿದ ಮೊದಲ ಕೆಲಸ ಇದು. ಎಲಿಮ್ ಗ್ರೋವ್ ಬ್ಯಾಪ್ಟಿಸ್ಟ್ ಚರ್ಚ್. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ತಾವೇ ಇಟ್ಟಿಗೆ ಹೊತ್ತು ಕಟ್ಟಿಕೊಂಡದ್ದು. ಮೊದಲು ಇಲ್ಲೊಂದು ತೊರೆ ಇತ್ತಂತೆ. ಅದರ ದಡದ ಓಕ್ ಮರಗಳ ನಡುವೆ ಕೊಂಬೆರೆಂಬೆ ಹೊದಿಸಿದ ಚಪ್ಪರವೇ ಅವರ ಚರ್ಚು. ಈಗ ತೊರೆ ಇಲ್ಲ. ಸುತ್ತ ಅವರದೇ ಓಣಿಗಳಿದ್ದವು, ಹೈವೇ ಬಂದು ಅವೂ ಹೋದವು. ಎತ್ತರದ ಆಫೀಸುಗಳ ನಡುವೆ ಈ ಕೆಂಪು ಕಟ್ಟಡ ಒಂದೇ ಉಳಿದಿದೆ, ಎಲ್ಲರೂ ಎದ್ದುಹೋದ ಮೇಲೂ ಪಂಕ್ತಿಯಲ್ಲಿ ಕೂತ ಅಜ್ಜಿಯ ಹಾಗೆ.

ಹೋದ ವರ್ಷದ ಆಲಿಕಲ್ಲು ಮಳೆಗೆ ಪೂರ್ವದ ದೊಡ್ಡ ಬಣ್ಣದ ಕಿಟಕಿ ಪುಡಿಯಾಯಿತು. ಮಕ್ಕಳ ನಡುವೆ ಕೂತ ಏಸುವಿನ ಚಿತ್ರ ಇತ್ತಂತೆ. ಈಗ ಅಲ್ಲಿ ಪ್ಲೈವುಡ್. ಅದರ ಒಂದು ಸಂದಿಯಿಂದ ಬೆಳಗಿನ ಬಿಸಿಲು ದಾರದಂತೆ ಒಳಗಿಳಿದು ಖಾಲಿ ಬೆಂಚುಗಳ ಮೇಲೆ ನಿಧಾನವಾಗಿ ಹರಿದಾಡುತ್ತದೆ. ಬಂದ ಮೊದಲ ದಿನ ಕೆಲಸ ಬಿಟ್ಟು ಅದನ್ನೇ ನೋಡುತ್ತ ಕೂತಿದ್ದೆ.

ಒಡೆಸ್ಸಾ ಎಂಬ ಅಜ್ಜಿಯ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿದೆ. ತೊಂಬತ್ತರ ಹತ್ತಿರದ ವಯಸ್ಸು. ಚರ್ಚಿನಲ್ಲಿ ಎಲ್ಲರೂ ಅವರನ್ನು ಮದರ್ ಒಡೆಸ್ಸಾ ಅನ್ನುತ್ತಾರೆ. ಇರ್ವಿಂಗ್‌ಗೆ ಡ್ರೈವ್ ಮಾಡಿಕೊಂಡು ಹೋಗಿ ಇಂಡಿಯನ್ ಅಂಗಡಿಯಿಂದ ರವೆ, ಮೆಂತ್ಯ ಸೊಪ್ಪು ತಂದೆ. ಉಪ್ಪಿಟ್ಟನ್ನು ಅಜ್ಜಿ ತಿಂದು, ಇದು ನಮ್ಮ ಜೋಳದ ರವೆಯ ಗ್ರಿಟ್ಸ್ ಅಲ್ಲವೇ, ಸ್ವಲ್ಪ ಸಿಟ್ಟು ಬಂದ ಗ್ರಿಟ್ಸ್, ಎಂದರು.

ಗಿಡಗಳಿಗೆ ನೀರು ಹಾಕಿ.

ಸರೋಜಾ


ಕ್ಲಿಯರ್ ಲೇಕ್
25 ಮಾರ್ಚ್ 1999

ಸರೋಜಾ,

ನಿನ್ನ ಕಾಗದ ಬಂತು. ಗಿಡಗಳಿಗೆ ನೀರು ಹಾಕುತ್ತಿದ್ದೇನೆ. ಕರಿಬೇವು ಚಿಗುರಿದೆ. ಆಫೀಸಿನಲ್ಲಿ ಹೊಸ ಪರೀಕ್ಷೆ ಶುರುವಾಗಿದೆ. ಬಾಹ್ಯಾಕಾಶ ನೌಕೆ ಭೂಮಿಗೆ ಹಿಂದಿರುಗುವಾಗ ಎಷ್ಟು ಬಿಸಿ ತಡೆಯುತ್ತದೆ ಎಂಬ ಅದೇ ಹಳೆಯ ಲೆಕ್ಕ. ಶನಿವಾರಗಳೂ ಹೊರಗೇ ಕಳೆಯುತ್ತವೆ.

ಸಣ್ಣ ಕೋಣೆಯ ಕಿಟಕಿ ತೆರೆದಿಟ್ಟೆ. ಹುಟ್ಟಿದ ಕೂಡಲೇ ಮಗು ಹೋದಾಗಿನಿಂದ ಎರಡು ವರ್ಷ ಮುಚ್ಚಿಯೇ ಇತ್ತಲ್ಲ, ಗೋಡೆಗೆ ಬೂಷ್ಟು ಹಿಡಿಯುತ್ತಿತ್ತು. ತೊಟ್ಟಿಲಿನ ಮೇಲೆ ಬಟ್ಟೆ ಹೊದಿಸಿದ್ದೇನೆ. ಬೇರೇನೂ ಮುಟ್ಟಿಲ್ಲ.

ಒಬ್ಬಳೇ ಏಣಿ ಹತ್ತಬೇಡ.

ಮೋಹನ


ಡಲ್ಲಾಸ್
4 ಮೇ 1999

ಪ್ರಿಯ ಮೋಹನ್,

ಇಷ್ಟು ದಿನ ಬರೆಯಲಿಲ್ಲ. ಕೋಣೆಯ ಕಿಟಕಿಯ ವಿಷಯ ಓದಿ ಕಾಗದವನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದ್ದೆ. ತೆರೆದದ್ದು ಒಳ್ಳೆಯದೇ ಆಯಿತು.

ಇಲ್ಲಿ ಕೆಲಸ ಮುಂದೆ ಸಾಗುತ್ತಿಲ್ಲ. ಕಿಟಕಿಯಲ್ಲಿ ಏನಿರಬೇಕು ಎಂದು ಇವರಲ್ಲೇ ಒಮ್ಮತವಿಲ್ಲ. ಹಳಬರಿಗೆ ಹಳೆಯ ಚಿತ್ರವೇ ಬೇಕು. ಕಿರಿಯರು, ಆ ಬಿಳಿ ಮುಖಗಳು ನಮ್ಮನ್ನು ಇಷ್ಟು ವರ್ಷ ನೋಡಿದ್ದು ಸಾಕು, ನಮ್ಮ ಮುಖ ಬರಲಿ ಅನ್ನುತ್ತಾರೆ. ಇನ್ನು ಕೆಲವರು ಪ್ಲೈವುಡ್ಡೇ ಇರಲಿ, ಜಾಗ ಮಾರಿ ಊರಾಚೆ ಹೊಸದು ಕಟ್ಟೋಣ ಎಂದು ಕೂತಿದ್ದಾರೆ. ಹಿಂದಿನ ಬೆಂಚುಗಳಲ್ಲಿ ಜನವೇ ಇಲ್ಲವಲ್ಲ! ಪಾದ್ರಿ ರೆವರೆಂಡ್ ಟಿಲ್ಮನ್ ಮೂವರ ಮಾತಿಗೂ ತಲೆಯಾಡಿಸುತ್ತಾರೆ. ಕಿಟಕಿ ಬೇಡವೆಂದರೆ ಚರ್ಚೂ ಬೇಡವೆಂದ ಹಾಗೆ ಎಂಬುದು ಎಲ್ಲರಿಗೂ ಗೊತ್ತು. ಬಾಯಿಬಿಟ್ಟು ಹೇಳುವವರಿಲ್ಲ.

ಮೊನ್ನೆ ತಿಂಗಳ ಮೊದಲ ಭಾನುವಾರ. ಅಜ್ಜಿ ಕರೆದರೆಂದು ಹೋದೆ. ಹಿರಿಯ ಹೆಂಗಸರೆಲ್ಲ ಬಿಳಿ ಸೀರೆ ಉಟ್ಟಂತೆ ತಲೆಯಿಂದ ಕಾಲಿನವರೆಗೆ ಬಿಳಿ. ದೊಡ್ಡ ದೊಡ್ಡ ಟೋಪಿಗಳು. ಬಾಗಿಲಲ್ಲಿ ನಿಂತವರ ಕೈಗೆ ಬಿಳಿಯ ಗ್ಲೌಸು. ಹಾಡು ಏಳುವಾಗ ಮರದ ನೆಲ ಅಡಿಯಿಂದ ಮಿಡಿಯುತ್ತದೆ. ನದಿಯೊಳಗೆ ಕಾಲಿಟ್ಟು ನಿಂತಂತಿತ್ತು. ಎಲ್ಲರ ಕೈಯಲ್ಲಿ ರಟ್ಟಿನ ಬೀಸಣಿಗೆಗಳು ಆಡುತ್ತಿದ್ದವು, ಮಬ್ಬಿನಲ್ಲಿ ಬಿಳಿಯ ಹಕ್ಕಿಗಳು ಕೂತಲ್ಲೇ ರೆಕ್ಕೆ ಬಡಿದ ಹಾಗೆ.

ಪ್ರವಚನ ಮುಗಿದ ಮೇಲೆ ಒಡೆಸ್ಸಾ ಎದ್ದು ನಿಂತರು. ಹಾಡು ನಿಂತಿತು. ಅವರು ಕಣ್ಣು ಮುಚ್ಚಿ ಒಂದೊಂದಾಗಿ ಹೆಸರು ಕೂಗಿದರು. ಸೈಲಸ್. ಹ್ಯಾನಾ. ಬಿಗ್ ಜೋ. ಪ್ರತಿ ಹೆಸರಿಗೂ ಸಭೆಯೆಲ್ಲ ಒಂದೇ ದನಿಯಲ್ಲಿ, “ಬಾ, ಜಾಗ ಇದೆ” ಅನ್ನುತ್ತದೆ. ಮುಂದಿನ ಬೆಂಚಿನ ಒಂದು ತುದಿ ಯಾವಾಗಲೂ ಖಾಲಿ. ಅಲ್ಲಿ ಯಾರೂ ಕೂರುವುದಿಲ್ಲ.

ಮನೆಗೆ ಬಂದ ಮೇಲೆ ಕೇಳಿದೆ. ಗುಲಾಮರಾಗಿದ್ದಾಗ ತಾಯಿ ಒಂದು ಕಡೆಗೆ, ಮಕ್ಕಳು ಒಂದು ಕಡೆಗೆ ಮಾರಾಟವಾಗುತ್ತಿದ್ದರು. ಬಿಡುಗಡೆಯಾದ ಮೇಲೆ ಕಳೆದುಹೋದವರನ್ನು ಹುಡುಕುತ್ತ ಪತ್ರಿಕೆಗಳಲ್ಲಿ ಪ್ರಕಟಣೆ ಹಾಕಿಸುತ್ತಿದ್ದರಂತೆ. ಅದನ್ನು ಚರ್ಚುಗಳಲ್ಲಿ ಓದಿ ಹೇಳುತ್ತಿದ್ದರು. ಒಡೆಸ್ಸಾ ತಮ್ಮ ಅಜ್ಜಿಯ ಕಥೆ ಹೇಳಿದರು. “ಒಂದು ಭಾನುವಾರ ಪಾದ್ರಿ ಓದಿದ್ರು, ಡೈಸಿ ಅನ್ನೋಳನ್ನ ಅವಳಕ್ಕ ಹುಡುಕ್ತಿದಾಳೆ ಅಂತ. ಹಿಂದಿನ ಬೆಂಚಿಂದ ಒಬ್ಬಳು ಎದ್ದು, ನಾನೇ ಅಲ್ವಾ ಡೈಸಿ, ಅಂದಳು. ಮುಂದಿನ ಬೆಂಚಲ್ಲಿ ಕೂತಿದ್ದೋಳೇ ಅಕ್ಕ, ನಮ್ಮಜ್ಜಿ. ಇಬ್ರೂ ವರ್ಷಗಟ್ಟಲೆ ಅದೇ ಚರ್ಚಿಗೆ ಬರ್ತಿದ್ರು ಕಣಮ್ಮ. ಒಬ್ಬರಿಗೊಬ್ಬರ ಗುರುತು ಹತ್ತಿರಲಿಲ್ಲ.”

ಆ ಅಕ್ಕ ತಂಗಿಯ ತಮ್ಮ ಸೈಲಸ್ ಮಾತ್ರ ಸಿಗಲಿಲ್ಲ. ಈಗ ಬದುಕಿರಲು ಸಾಧ್ಯವೇ ಇಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಕೂಗುತ್ತಾರೆ.

ಹೆಸರು ಕೂಗುವಾಗ ನಾನು ಅರ್ಧಕ್ಕೇ ಎದ್ದು ಹೊರಗೆ ಬಂದೆ. ಶೆಕೆ ಇತ್ತು.

ಒಂದು ಪ್ರಶ್ನೆ. ಇಲ್ಲಿನ ಬೇಸಿಗೆ ಬಿಸಿಲಿಗೆ ದೊಡ್ಡ ಗಾಜು ಎಷ್ಟು ಹಿಗ್ಗಬಹುದು? ಚೌಕಟ್ಟು ಹಳೆಯ ಮರದ್ದು. ನಿಮಗೆ ಗೊತ್ತಿರುತ್ತದೆ.

ಸರೋಜಾ


ಕ್ಲಿಯರ್ ಲೇಕ್
16 ಮೇ 1999

ಸರೋಜಾ,

ನಿನ್ನ ಪ್ರಶ್ನೆಗೆ ಲೆಕ್ಕ ಹಾಕಿ ಬೇರೆ ಹಾಳೆಯಲ್ಲಿ ಚಿತ್ರ ಬರೆದಿದ್ದೇನೆ. ಗಾಜು ಹೆಚ್ಚು ಹಿಗ್ಗುವುದಿಲ್ಲ, ಆದರೆ ಹಿಗ್ಗುವಾಗ ಅದಕ್ಕೆ ಸ್ವಲ್ಪ ಜಾಗ ಬೇಕು. ಚೌಕಟ್ಟು ಬಿಗಿಯಾಗಿ ಹಿಡಿದರೆ ಒಂದು ದಿನ ಯಾವ ಕಾರಣವೂ ಇಲ್ಲದೆ ಬಿರಿಯುತ್ತದೆ. ಸುತ್ತ ಅಂಚು ಬಿಟ್ಟು ಮೆತ್ತನೆಯ ಮೇಣ ತುಂಬು. ಒಂದೇ ದೊಡ್ಡ ಚೌಕಟ್ಟಿಗಿಂತ ಸಣ್ಣ ಸಣ್ಣ ಭಾಗಗಳು ಮೇಲು.

ಡೈಸಿಯ ಕಥೆಯನ್ನು ಎರಡು ಸಲ ಓದಿದೆ. ಆಫೀಸಿನಲ್ಲಿ ವೆಂಕಟರಮಣನಿಗೂ ಹೇಳಿದೆ. ಅವನು, ಕಥೆ ಚೆನ್ನಾಗಿದೆ, ಆಮೇಲೆ ಆ ಅಕ್ಕ ತಂಗಿ ಏನು ಮಾತಾಡಿಕೊಂಡರು ಎಂದು ಕೇಳಿದ. ಒಡೆಸ್ಸಾ ಅಜ್ಜಿಗೆ ಗೊತ್ತಿದೆಯೇ?

ಶೆಕೆಯಾದರೆ ನೀರು ಜಾಸ್ತಿ ಕುಡಿ.

ಮೋಹನ


ಡಲ್ಲಾಸ್
20 ಜೂನ್ 1999

ಪ್ರಿಯ ಮೋಹನ್,

ನಿಮ್ಮ ಚಿತ್ರ ಗೋಡೆಗೆ ಅಂಟಿಸಿದ್ದೇನೆ. ಹಾಗೆಯೇ ಮಾಡುತ್ತೇನೆ.

ಅಕ್ಕ ತಂಗಿ ಆ ದಿನ ಏನೂ ಮಾತಾಡಲಿಲ್ಲವಂತೆ. ಡೈಸಿ ಅಕ್ಕನ ಮನೆಗೆ ಹೋಗಿ ಒಗೆಯುವ ಬಟ್ಟೆಯ ರಾಶಿಯಲ್ಲಿ ಅರ್ಧ ತೆಗೆದುಕೊಂಡು ಕೂತಳಂತೆ. ಇಬ್ಬರೂ ಊರವರ ಬಟ್ಟೆ ಒಗೆಯುವವರು. ಕತ್ತಲಾಗುವವರೆಗೆ ಒಗೆದರು. ಮಾತು ಎಷ್ಟೋ ದಿನ ಬಿಟ್ಟು ಬಂತು.

ನಿನ್ನೆ ಇಲ್ಲಿ ದೊಡ್ಡ ಹಬ್ಬ. ಟೆಕ್ಸಸ್‌ನ ಗುಲಾಮರಿಗೆ ಬಿಡುಗಡೆಯ ಸುದ್ದಿ ಮುಟ್ಟಿದ ದಿನ. ಚರ್ಚಿನ ಹಿಂದಿನ ಪೆಕಾನ್ ಮರಗಳ ಕೆಳಗೆ ಉದ್ದದ ಮೇಜು, ಕೆಂಪು ಷರಬತ್ತು, ಕಲ್ಲಂಗಡಿ, ಒಲೆಯ ಹೊಗೆ. ಎಲ್ಲಿಯೋ ಊರಾಚೆಗೆ ಶಿಫ್ಟ್ ಆದವರೆಲ್ಲ ಮಕ್ಕಳು ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಹೊಟ್ಟೆ ತುಂಬಿದ ಮೇಲೆ ಮುದುಕರು ಇಲ್ಲದ ಓಣಿಗಳಲ್ಲಿ ನಡೆಯಲು ಶುರುಮಾಡಿದರು. ಬೆರಳು ತೋರಿಸಿ, ಇಲ್ಲಿ ಕ್ಷೌರದ ಅಂಗಡಿ, ಇಲ್ಲಿ ದರ್ಜಿ, ಇಲ್ಲಿ ಹಾಡು ಕಲಿಸುವ ಟೀಚರ ಮನೆ ಎನ್ನುತ್ತ ಪಾರ್ಕಿಂಗ್ ಲಾಟಿನಲ್ಲಿ ನಡೆದರು. ಒಬ್ಬಾತ ಒಂದು ಕಾರನ್ನು ಸುತ್ತಿಕೊಂಡು ಹೋದ. ಅದು ನಿಂತ ಜಾಗದಲ್ಲಿ ಬಾವಿ ಇತ್ತಂತೆ. ನಾನೂ ಹಿಂದೆ ಹಿಂದೆ ಹೋದೆ. ಸ್ವಲ್ಪ ಹೊತ್ತಿಗೆ ನನಗೂ ಮನೆಗಳು ಕಾಣತೊಡಗಿದವು. ಜಗಲಿ, ಒಣಗಿದ ಬಟ್ಟೆ, ಬಾಗಿಲಲ್ಲಿ ನಿಂತ ಹೆಂಗಸು.

ಇಲ್ಲಿ ಇಲ್ಲದ್ದು ಯಾರಿಗೂ ಭಯ ಹುಟ್ಟಿಸುವುದಿಲ್ಲ. ಇಲ್ಲೇ ಇದ್ದುಬಿಡಬೇಕು ಅನ್ನಿಸುತ್ತದೆ.

ಸರೋಜಾ


ಕ್ಲಿಯರ್ ಲೇಕ್
29 ಜೂನ್ 1999

ಸರೋಜಾ,

ನಿನಗೆ ಅಲ್ಲಿ ನೆಮ್ಮದಿ ಇದ್ದರೆ ಅಲ್ಲೇ ಇರಬಹುದು. ನಾನು ಬೇಡ ಅನ್ನುವುದಿಲ್ಲ.

ಒಂದು ವಿಷಯ ಯೋಚಿಸುತ್ತಿದ್ದೆ. ಈ ಮನೆ ಮಾರೋಣವೇ? ಇಬ್ಬರಿಗೂ ಇದು ದೊಡ್ಡದಾಯಿತು. ಸಣ್ಣ ಕೋಣೆಯ ಸಾಮಾನನ್ನು ಯಾರಿಗಾದರೂ ಕೊಡಬಹುದು. ನೀನು ಹೂಂ ಅಂದರೆ ಏಜೆಂಟಿಗೆ ಹೇಳುತ್ತೇನೆ.

ಮೋಹನ


ಡಲ್ಲಾಸ್
22 ಆಗಸ್ಟ್ 1999

ಮೋಹನರಾಜರಿಗೆ,

ಮಾರಿಬಿಡಿ. ಆಸ್ಪತ್ರೆಯಿಂದ ನಾನು ಮನೆಗೆ ಬರುವಷ್ಟರಲ್ಲಿ ಎಲ್ಲ ನೀವೇ ಮುಗಿಸಿದ್ದಿರಿ. ಇದನ್ನೂ ಮುಗಿಸಿ. ತೊಟ್ಟಿಲು ಯಾರಿಗೆ ಕೊಟ್ಟಿರೆಂದು ನನಗೆ ಹೇಳಬೇಡಿ.

ಸರೋಜಾ


ಡಲ್ಲಾಸ್
10 ಅಕ್ಟೋಬರ್ 1999

ಮೋಹನ್,

ಆಗಸ್ಟಿನ ಕಾಗದಕ್ಕೆ ನೀವು ಉತ್ತರ ಬರೆಯಲಿಲ್ಲ. ಬರೆಯುವಂಥದ್ದು ಅದರಲ್ಲಿ ಇರಲೂ ಇಲ್ಲ. ಕಿಟಕಿಯ ಸುದ್ದಿ ತಿಳಿಸೋಣ ಎಂದು ಬರೆಯುತ್ತಿದ್ದೇನೆ.

ಹೋದ ವಾರ ಸಭೆ ಸೇರಿತ್ತು. ಮಾತು ಜಗಳಕ್ಕೆ ತಿರುಗಿತು. ಮಾರೋಣ ಅನ್ನುವವರ ದನಿಯೇ ಜೋರು. ಅಷ್ಟರಲ್ಲಿ ಒಡೆಸ್ಸಾ ನನ್ನ ಕಡೆ ನೋಡಿ, “ಇಷ್ಟು ತಿಂಗಳು ನಮ್ಮ ಮಾತು ಕೇಳಿದೀಯ. ನಿನಗೇನು ಕಾಣುತ್ತಮ್ಮ, ಅದು ಹೇಳು” ಎಂದರು.

ಕಿಟಕಿಯಲ್ಲಿ ಯಾರ ಮುಖವೂ ಬೇಡ ಎಂದೆ. ಸೈಲಸ್ ಹೇಗಿದ್ದ ಎಂದು ಯಾರಿಗೂ ಗೊತ್ತಿಲ್ಲ. ಹ್ಯಾನಾ ಹೇಗಿದ್ದಳೋ ಗೊತ್ತಿಲ್ಲ. ಗೊತ್ತಿಲ್ಲದವರ ಮುಖ ನಾನು ಹೇಗೆ ಬರೆಯಲಿ? ಬೆಳಗಿನ ಜಾವದ ತೊರೆ, ಓಕ್ ಮರಗಳು, ಅವುಗಳ ನಡುವೆ ಈ ಕಡೆಗೆ ಬರುವ ಒಂದು ದಾರಿ, ಅಷ್ಟೇ ಇರಲಿ ಎಂದೆ. ಮುಖವಿಲ್ಲದ ಕಿಟಕಿ ಯಾರಿಗೆ ಬೇಕು ಎಂದು ಒಬ್ಬರು ಗೊಣಗಿದರು. ರೆವರೆಂಡ್ ಟಿಲ್ಮನ್ ಮೊದಲ ಸಲ ತಲೆಯಾಡಿಸದೆ, ಮಾಡಿ ತೋರಿಸಲಿ, ಆಮೇಲೆ ನೋಡೋಣ ಎಂದರು.

ಆಸ್ಟಿನ್‌ಗೆ ಹೋಗಿ ಒಂದು ಭಾಗವನ್ನು ಕತ್ತರಿಸಿ ಕೂಡಿಸಿ ತಂದೆ. ಇವತ್ತು ಬೆಳಿಗ್ಗೆ ಪ್ಲೈವುಡ್ಡಿನ ಒಂದು ಹಲಗೆ ತೆಗೆಸಿ ಅಲ್ಲಿ ನಿಲ್ಲಿಸಿದೆವು. ಆರಾಧನೆಯ ನಡುವೆ ಬಿಸಿಲು ಏರಿತು. ತೊರೆಯ ನೀಲಿ ಮೊದಲು ನೆಲಕ್ಕೆ ಬಿತ್ತು, ಆಮೇಲೆ ಬೆಂಚಿಗೆ. ಮರದ ಹಸಿರು, ಆಕಾಶದ ಜೇನು ಬಣ್ಣ ಜನರ ಮೇಲೆ ಹತ್ತಿದವು. ಒಬ್ಬಳ ಕೆನ್ನೆ ನೀಲಿಯಾಯಿತು, ಪಕ್ಕದವನ ಬಿಳಿ ಗಡ್ಡ ಹೊನ್ನಾಯಿತು. ಎಲ್ಲರೂ ಹಾಡು ಮರೆತು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಮುಖಗಳೆಲ್ಲ ಬೆಂಚುಗಳ ಮೇಲೇ ಇದ್ದವು. ಗೊಣಗಿದ್ದ ಆ ಮನುಷ್ಯ ತನ್ನ ಅಂಗೈಯನ್ನು ಬಣ್ಣದೊಳಗೆ ಹಿಡಿದು, ಬೊಗಸೆ ತುಂಬಿಸಿಕೊಳ್ಳುವವನಂತೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಆರಾಧನೆ ಮುಗಿದ ಮೇಲೆ ಕೈ ಎತ್ತಿಸಿದರು. ಕಿಟಕಿ ಆಗುತ್ತದೆ. ಚರ್ಚು ಇಲ್ಲೇ ಇರುತ್ತದೆ. ಡಿಸೆಂಬರಿನ ಮೊದಲ ಭಾನುವಾರ ಅರ್ಪಣೆ.

ಇದನ್ನು ಬೇರೆ ಯಾರಿಗೆ ಹೇಳಲಿ ಎಂದು ಯೋಚಿಸಿದೆ. ಯಾರೂ ನೆನಪಿಗೆ ಬರಲಿಲ್ಲ.

ಮೇ ತಿಂಗಳಲ್ಲಿ ಹೆಸರು ಕೂಗುವಾಗ ನಾನು ಹೊರಗೆ ಎದ್ದು ಬಂದದ್ದು ಶೆಕೆಗಲ್ಲ. ಅವರ ಮಕ್ಕಳಿಗೆಲ್ಲ ಎಲ್ಲರ ಮುಂದೆ ಕೂಗಲು ಒಂದು ಹೆಸರಿತ್ತು.

ಸರೋಜಾ


ಕ್ಲಿಯರ್ ಲೇಕ್
17 ಅಕ್ಟೋಬರ್ 1999

ಸರೂ,

ಮನೆ ಮಾರಿಲ್ಲ. ಏಜೆಂಟಿಗೆ ಹೇಳಲೂ ಇಲ್ಲ. ಈ ಮನೆಯೇ ನಿನ್ನನ್ನು ಓಡಿಸುತ್ತಿದೆ ಎಂದುಕೊಂಡು ಕೇಳಿದ್ದೆ. ಮಗುವಿನ ಗುರುತನ್ನೇ ಅಳಿಸೋಣ ಎಂದಂತೆ ನಿನಗೆ ಕೇಳಿಸಿತು ಎಂದು ಈಗ ತಿಳಿಯುತ್ತಿದೆ.

ಶನಿವಾರ ನಾನು ಹೋಗುವುದು ಆಫೀಸಿಗೆ ಎಂದು ನೀನು ತಿಳಿದಿದ್ದೀಯ. ಹಾಗೆ ತಿಳಿಯಲಿ ಎಂದೇ ಸುಮ್ಮನಿದ್ದೆ. ನಾನು ಹೋಗುವುದು ಸ್ಮಶಾನಕ್ಕೆ, ಮಗುವನ್ನು ಮಣ್ಣು ಮಾಡಿದ ಜಾಗಕ್ಕೆ. ಆ ದಿನ ನಿನಗೆ ಜ್ವರ ನೆತ್ತಿಗೇರಿತ್ತು, ಎಚ್ಚರವಿರಲಿಲ್ಲ. ಡಾಕ್ಟರು ಕಾಯಬೇಡಿ ಎಂದರು. ಅವಳನ್ನು ಎತ್ತಿಕೊಂಡು ಹೋದವನು ನಾನೊಬ್ಬನೇ. ಆ ಹೊತ್ತು ನನ್ನೊಬ್ಬನ ಹತ್ತಿರವೇ ಉಳಿದುಬಿಟ್ಟಿದೆ. ಅದನ್ನು ನಿನಗೆ ಹೇಗೆ ಕೊಡಬೇಕೋ ತಿಳಿಯಲಿಲ್ಲ.

ಅಲ್ಲಿ ಹುಲ್ಲು ಬೇಗ ಬೆಳೆಯುತ್ತದೆ. ಕೀಳುತ್ತೇನೆ. ಸ್ವಲ್ಪ ಹೊತ್ತು ಕೂತು ಬರುತ್ತೇನೆ. ಸಮುದ್ರದ ಗಾಳಿ ಬರುತ್ತದೆ. ಒಳ್ಳೆಯ ಜಾಗ ಸರೂ. ನಿನ್ನನ್ನು ಕರೆದುಕೊಂಡು ಹೋಗಬೇಕು.

ಡಿಸೆಂಬರಿನಲ್ಲಿ ನಾನು ಬಂದರೆ ನಿನ್ನ ಜನಕ್ಕೆ ಅಭ್ಯಂತರವಿಲ್ಲವಷ್ಟೇ?

ಮೋಹನ


ಡಲ್ಲಾಸ್
8 ಡಿಸೆಂಬರ್ 1999

ರೀ,

ನೀವು ಕ್ಷೇಮವಾಗಿ ತಲುಪಿದಿರೆಂದುಕೊಂಡಿದ್ದೇನೆ. ಸೋಮವಾರ ಬೆಳಿಗ್ಗೆ ಆಫೀಸು ಎಂದು ನೀವು ಊಟವಾದ ಕೂಡಲೇ ಹೊರಟಿರಿ. ಹೇಳಬೇಕಾದದ್ದು ನನ್ನಲ್ಲೇ ಉಳಿಯಿತು.

ನೀವು ಏಳುತ್ತೀರೆಂದು ನನಗೆ ಗೊತ್ತಿರಲಿಲ್ಲ. ಒಡೆಸ್ಸಾ ಹೆಸರುಗಳನ್ನು ಕೂಗಿ ಮುಗಿಸಿ, ಎಂದಿನಂತೆ, “ಇನ್ಯಾರಾದರೂ ಇದಾರಾ?” ಎಂದು ಕೇಳಿದರು. ಯಾರೂ ಏಳಲಿಲ್ಲ. ನಾನು ಹೊಸ ಕಿಟಕಿಯನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ಬೆಂಚು ಕಿರ್ರೆಂದಿತು. ತಿರುಗಿದರೆ ನೀವು ನಿಂತಿದ್ದಿರಿ, ನಿಮ್ಮ ಬೂದು ಬಣ್ಣದ ಸೂಟಿನ ಮೇಲೆ ಮರಗಳ ಹಸಿರು. ಮೀಟಿಂಗಿನಲ್ಲಿ ಮಾತಾಡುವವರ ಹಾಗೆ ಗಂಟಲು ಸರಿಮಾಡಿಕೊಂಡಿರಿ.

“ಮಂದಾಕಿನಿ,” ಎಂದಿರಿ.

ಅದು ಯಾರ ಹೆಸರೆಂದು ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ನೀವು ಅವಳನ್ನು ಹೆಸರಿಲ್ಲದೆ ಕಳಿಸಿರಲಿಲ್ಲ. ಎತ್ತಿಕೊಂಡು ಹೋಗುವಾಗಲೇ ಅವಳಿಗೆ ಹೆಸರಿತ್ತು. ಅಷ್ಟೆಲ್ಲ ಶನಿವಾರಗಳಲ್ಲಿ ನೀವು ಹುಲ್ಲು ಕೀಳುತ್ತ ಅವಳನ್ನು ಆ ಹೆಸರಿನಿಂದ ಮಾತಾಡಿಸುತ್ತಿದ್ದಿರಿ.

ಪಾಪ, ಸಭೆಯವರಿಗೆ ಅದನ್ನು ಹೇಳಲು ಬರಲಿಲ್ಲ. ಒಬ್ಬರು ಮಂಡಾ ಅಂದರು, ಒಬ್ಬರು ಕಿನ್ನಿ ಅಂದರು. ಆದರೆ “ಬಾ, ಜಾಗ ಇದೆ” ಎಂಬುದು ಎಲ್ಲರ ಬಾಯಿಂದಲೂ ಒಟ್ಟಿಗೇ ಬಂತು. ಮುಂದಿನ ಬೆಂಚಿನ ಅಪರಿಚಿತ ಹೆಂಗಸು ಹಿಂದೆ ತಿರುಗಿ ನಿಮ್ಮ ಕೈ ಹಿಡಿದುಕೊಂಡು ಹಾಡು ಮುಗಿಯುವವರೆಗೂ ಬಿಡಲಿಲ್ಲ. ನಾನು ಹಿಡಿಯಬೇಕಿತ್ತು. ನನಗೆ ಕೈಯೇ ಏಳಲಿಲ್ಲ.

ನೀವು ಹೋದ ಮೇಲೆ ಅಜ್ಜಿಯ ಅಡುಗೆಮನೆಯಲ್ಲಿ ಕೂತು ಅತ್ತೆ. ಅವರು ಬೀನ್ಸ್ ಬಿಡಿಸುತ್ತಿದ್ದರು, ತಡೆಯಲಿಲ್ಲ. ಆಮೇಲೆ ಹೇಳಿದೆ. ನಾನೂ ಅವಳಿಗೊಂದು ಹೆಸರಿಟ್ಟಿದ್ದೆ, ಹೊಟ್ಟೆಯಲ್ಲಿದ್ದಾಗಲೇ, ಗಂಡನಿಗೂ ಹೇಳಿರಲಿಲ್ಲ, ಈಗ ಅವರು ಬೇರೆ ಹೆಸರು ಕೂಗಿಬಿಟ್ಟರು, ನನ್ನದನ್ನು ಏನು ಮಾಡಲಿ ಎಂದು.

“ಸೈಲಸ್‌ಗೂ ಎರಡಿತ್ತು,” ಎಂದರು ಅಜ್ಜಿ. “ಒಡೆಯ ಇಟ್ಟಿದ್ದು ಒಂದು, ತಾಯಿ ಇಟ್ಟಿದ್ದು ಒಂದು. ಯಾವ ಹೆಸರಿಗೆ ತಿರುಗಿ ನೋಡ್ತಾನೋ ಅಂತ ನಮ್ಮಜ್ಜಿ ಎರಡನ್ನೂ ಕೂಗ್ತಿದ್ದಳು. ನಿನ್ನ ಮಗಳಿಗೆ ಇಟ್ಟಿರೋದು ಎರಡೂ ಪ್ರೀತಿಯಿಂದ. ಅವಳು ಪುಣ್ಯವಂತೆ. ನೀನೂ ಎದ್ದು ಕೂಗು.”

ಕೆಲಸ ಮುಗಿದಿದೆ. ಶನಿವಾರ ಬೆಳಿಗ್ಗೆ ಬಂದು ಸೇರುತ್ತೇನೆ. ಮನೆಗೆ ಹೋಗುವ ಮೊದಲು ಆ ಜಾಗಕ್ಕೆ ಕರೆದುಕೊಂಡು ಹೋಗಿ. ಹುಲ್ಲು ಕೀಳಬೇಡಿ, ನಾನೂ ಕೀಳಬೇಕು.

ಜನವರಿಯ ಮೊದಲ ಭಾನುವಾರ ಇಬ್ಬರೂ ಇಲ್ಲಿಗೆ ಬರೋಣ. ಆ ದಿನ ನಾನು ಏಳುತ್ತೇನೆ. ಅಷ್ಟು ಜನರ ಮುಂದೆ ಕೇಳುವ ಮೊದಲು ನೀವು ಒಬ್ಬರೇ ನಾನಿಟ್ಟ ಹೆಸರನ್ನು ಓದಬೇಕು ಎಂದು ಈ ಕಾಗದ.

ನಾನು ಅವಳನ್ನು ಪುಟ್ಟಕ್ಕ ಎಂದು ಕರೆಯುತ್ತಿದ್ದೆ. ಅವಳ ಹಿಂದೆ ತಮ್ಮನೋ ತಂಗಿಯೋ ಬಂದೇ ಬರುತ್ತಾರೆ, ಮನೆಯಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಾರೆ ಎಂದು ಇಟ್ಟ ಹೆಸರು. ಬದಲಾಯಿಸಬೇಕು ಅಂತ ನನಗೆ ಈಗಲೂ ಅನ್ನಿಸುತ್ತಿಲ್ಲ.

ನಿಮ್ಮ
ಸರೂ